ನಾಯಿಯ ಬೆನ್ನಿಗೊಂದು ನಂಬರು: ಕೊಟ್ಟ ದುಡ್ಡಿಗೆ ಮೋಸವಿಲ್ಲವೇ?

ದೀಪಾವಳಿಯ ಮಾರನೇ ದಿನ ಬಸ್ ಸ್ಟ್ಯಾಂಡಿನ ಕಂಬ ನೋಡಿ. 'ಅಂಗಡಿ ಬಾಡಿಗೆಗಿದೆ', 'ಮೂಲವ್ಯಾಧಿಗೆ ಚಿಕಿತ್ಸೆ' ಚೀಟಿಗಳ ಮಧ್ಯೆ ಹೊಸದೊಂದು ಅಂಟಿರುತ್ತದೆ: 'ನಾಯಿ ಕಾಣೆಯಾಗಿದೆ'. ಪಟಾಕಿ ಸದ್ದಿಗೆ ಬೆದರಿ, ಸರಪಣಿ ಕಿತ್ತುಕೊಂಡು ಓಡಿದ ಮೂಕ ಪ್ರಾಣಿಗೆ ತನ್ನ ಮನೆ ಯಾವ ಕ್ರಾಸು ಅಂತ ಹೇಳೋಕೆ ಬಾಯಿಲ್ಲ. ಕೊರಳ ಬೆಲ್ಟು ಕಳಚಿ ಬಿದ್ದರಂತೂ ಮುಗಿಯಿತು, ಅದೂ ಒಂದು ಬೀದಿನಾಯಿಯೇ! ಮನೆಯಲ್ಲಿ ಮಕ್ಕಳು ಊಟ ಬಿಟ್ಟು ಕೂತಿರುತ್ತಾರೆ. ಯಜಮಾನರು ಅಂಗಡಿ ಬಾಗಿಲು ಅರ್ಧ ಎಳೆದು ಸ್ಕೂಟರಿನಲ್ಲಿ ಊರು ಸುತ್ತುತ್ತಿರುತ್ತಾರೆ.

ಆಗ ಯಾರಾದರೊಬ್ಬರು ಹೇಳುವುದುಂಟು: "ಒಂದು ಚಿಪ್ ಹಾಕ್ಸಬಾರ್ದಾಗಿತ್ತೇನ್ರೀ?"

ಏನಿದು ಚಿಪ್?

ಅಕ್ಕಿ ಕಾಳಿಗಿಂತ ತುಸು ದಪ್ಪನೆಯ, ಸುಮಾರು 12 ಮಿಲಿಮೀಟರ್ ಉದ್ದದ ಗಾಜಿನ ಕೊಳವೆ. ಹೆಗಲ ಮೂಳೆಗಳ ನಡುವೆ, ಚರ್ಮದ ಕೆಳಗೆ ಸೂಜಿಯಿಂದ ತೂರಿಸುತ್ತಾರೆ. ಲಸಿಕೆ ಸೂಜಿಗಿಂತ ಕೊಂಚ ದಪ್ಪ, ಅಷ್ಟೇ. ಮತ್ತು ಬರಿಸುವ ಅಗತ್ಯವಿಲ್ಲ. ಒಳಗೆ ಬ್ಯಾಟರಿ ಇಲ್ಲದ ಕಾರಣ ಮುಗಿದುಹೋಗುವ ಭಯವಿಲ್ಲ. ಸ್ಕ್ಯಾನರ್ ಹಿಡಿದಾಗ ಮಾತ್ರ ಎಚ್ಚರಗೊಂಡು 15 ಅಂಕಿಯ ನಂಬರು ತೋರಿಸುತ್ತದೆ.

"ಹಾಗಾದ್ರೆ ನಾಯಿ ಎಲ್ಲಿದೆ ಅಂತ ಮೊಬೈಲಲ್ಲಿ ತೋರಿಸುತ್ತಾ ಸಾರ್?"

ಇಲ್ಲ. ಬಹಳ ಜನ ಎಡವುವುದು ಇಲ್ಲೇ. ದಾರಿ ತೋರಿಸುವ ಜಿಪಿಎಸ್ ಬೇರೆ, ಈ ಚಿಪ್ಪೇ ಬೇರೆ. ಚಿಪ್ಪಿನೊಳಗೆ ಯಜಮಾನರ ಹೆಸರಿಲ್ಲ, ಫೋನೂ ಇಲ್ಲ. ಇರುವುದು ನಂಬರು ಮಾತ್ರ. ಹಸುವಿನ ಕಿವಿಯಲ್ಲಿರುವ 12 ಅಂಕಿಯ ಹಳದಿ ಬಿಲ್ಲೆಯ ಹಾಗೆ. ಆ ನಂಬರಿನ ಮುಂದೆ ನಿಮ್ಮ ಹೆಸರು ಯಾವುದಾದರೂ ದಾಖಲೆಯಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಲೆಕ್ಕ ಏನು ಹೇಳುತ್ತದೆ?

ಅಮೆರಿಕದಲ್ಲಿ 23 ರಾಜ್ಯಗಳ 53 ಪ್ರಾಣಿ ಆಶ್ರಯಗಳ ಲೆಕ್ಕ ತೆಗೆದು 2009ರಲ್ಲಿ ಪ್ರಕಟಿಸಿದರು. ಅಲ್ಲಿಗೆ ಬಂದ ದಿಕ್ಕುತಪ್ಪಿದ ನಾಯಿಗಳಲ್ಲಿ ನೂರಕ್ಕೆ ಸುಮಾರು 22 ಮಾತ್ರ ಮನೆ ಸೇರಿದ್ದವು. ಚಿಪ್ ಇದ್ದವುಗಳಲ್ಲಿ ನೂರಕ್ಕೆ 52! ಆದರೆ ಚಿಪ್ ಇದ್ದೂ ಯಜಮಾನರು ಸಿಗದಿದ್ದ ಪ್ರಾಣಿಗಳದ್ದು ಬೇರೆ ಕತೆ. ಅವುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವಕ್ಕೆ ಕಾರಣ ಒಂದೇ: ದಾಖಲೆಯಲ್ಲಿದ್ದ ಫೋನ್ ನಂಬರು ತಪ್ಪು, ಇಲ್ಲವೇ ಬಂದ್. ಸಿಮ್ ಬದಲಾಯಿಸಿದವರು ಚಿಪ್ಪನ್ನು ಮರೆತಿದ್ದರು.

ಇಂಗ್ಲೆಂಡಿನಲ್ಲಿ 2016ರ ಏಪ್ರಿಲ್‌ನಿಂದ ನಾಯಿಗೆ ಚಿಪ್ ಕಡ್ಡಾಯ. ಹಾಕಿಸದಿದ್ದರೆ 500 ಪೌಂಡ್‌ವರೆಗೆ ದಂಡ. ಇತ್ತ ಬೆಂಗಳೂರಿನಲ್ಲಿ 2024ರಲ್ಲಿ ಆಗಿನ ಮಹಾನಗರ ಪಾಲಿಕೆ ಬೀದಿನಾಯಿಗಳಿಗೆ ಪ್ರಾಯೋಗಿಕವಾಗಿ ಚಿಪ್ ಹಾಕಿಸಿ ನೋಡಿತು. ಯಾವ ನಾಯಿಗೆ ಲಸಿಕೆ ಆಗಿದೆ, ಯಾವುದಕ್ಕಿಲ್ಲ ಎಂಬ ಲೆಕ್ಕ ತಪ್ಪಬಾರದೆಂದು.

ಖರ್ಚು ಯಾರಿಗೆ ಲಾಭ?

ದರ ಒಂದೊಂದು ಕ್ಲಿನಿಕ್ಕಿನಲ್ಲಿ ಒಂದೊಂದು. ಕೆಲವು ನೂರು ರೂಪಾಯಿಯಿಂದ ಸಾವಿರದ ಮೇಲಕ್ಕೂ ಹೋಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಮರಿ ತಂದವರಿಗೆ ಇದು ದೊಡ್ಡ ಮಾತಲ್ಲ. ಒಂದೇ ಸಲದ ಖರ್ಚು, ನಾಯಿಯ ಆಯುಷ್ಯಪೂರ್ತಿ ಬಾಳಿಕೆ. ಕದ್ದ ನಾಯಿ ಸಿಕ್ಕಿ, "ಇದು ನಮ್ದು", "ಅಲ್ಲ, ನಮ್ದು" ಎಂದು ಜಗಳವಾದಾಗ ಹೆಸರು ದಾಖಲಾದ ನಂಬರು ಒಳ್ಳೆ ಸಾಕ್ಷಿ.

ಮಗನಿರುವ ಯುರೋಪಿಗೆ ನಾಯಿಯನ್ನೂ ಕರೆದೊಯ್ಯುವವರಿಗಂತೂ ಬೇರೆ ದಾರಿಯೇ ಇಲ್ಲ. ಅಲ್ಲಿ ಕ್ರಮವೂ ಮುಖ್ಯ: ಚಿಪ್ ಮೊದಲು, ರೇಬಿಸ್ ಲಸಿಕೆ ಆಮೇಲೆ. ಉಲ್ಟಾ ಆದರೆ ಆ ಲಸಿಕೆ ಲೆಕ್ಕಕ್ಕಿಲ್ಲ, ಮತ್ತೆ ಸೂಜಿ, ಮತ್ತೆ ಕಾಯುವಿಕೆ.

ಆದರೆ ಸ್ಕ್ಯಾನರೇ ಇಲ್ಲದ ಊರಿನಲ್ಲಿ ಚಿಪ್ ಕಟ್ಟಿಕೊಂಡು ಏನು ಮಾಡುವುದು? ನಾಯಿ ಸಿಕ್ಕವರು ನೋಡುವುದು ಕೊರಳನ್ನು, ಚರ್ಮದ ಒಳಗನ್ನಲ್ಲ. ದನಕರುಗಳಿಗಿರುವಂತೆ ದೇಶಕ್ಕೊಂದೇ ದಾಖಲೆ ಸಾಕುನಾಯಿಗೆ ನಮ್ಮಲ್ಲಿಲ್ಲ. ಒಂದೊಂದು ಕಂಪನಿಯದು ಒಂದೊಂದು ಪಟ್ಟಿ.

ಆದ್ದರಿಂದ ದುಡ್ಡು ಎಣಿಸುವ ಮುನ್ನ ಪಶುವೈದ್ಯರನ್ನು ಮೂರು ಮಾತು ಕೇಳಬೇಕು. ಸ್ಕ್ಯಾನರ್ ಈ ಊರಲ್ಲಿ ಯಾರ ಹತ್ತಿರ ಇದೆ? ನಂಬರು ಯಾವ ಪಟ್ಟಿಗೆ, ಯಾರ ಹೆಸರಿಗೆ ಸೇರುತ್ತದೆ? ಫೋನ್ ಬದಲಾದರೆ ತಿದ್ದಿಸುವುದು ಹೇಗೆ? ಹಾಕಿಸಿದ ಮೇಲೆ ಅಲ್ಲೇ ಸ್ಕ್ಯಾನ್ ಮಾಡಿಸಿ, ಹದಿನೈದೂ ಅಂಕಿ ಲಸಿಕೆ ಪುಸ್ತಕದಲ್ಲಿ ಬರೆಸಿಕೊಳ್ಳುವುದು ಜಾಣತನ.

ಜೊತೆಗೆ, ಫೋನ್ ನಂಬರು ಕೆತ್ತಿದ ಬಿಲ್ಲೆಯೊಂದು ಬೆಲ್ಟಿನಲ್ಲಿ ಇರಲೇಬೇಕು. ಅದನ್ನು ಓದೋಕೆ ಸ್ಕ್ಯಾನರ್ ಬೇಡ, ಎದುರು ಬೀದಿಯ ಟೀ ಅಂಗಡಿ ಹುಡುಗ ಸಾಕು. ಬೆಲ್ಟು ಕಳಚಿ ಬಿದ್ದ ದಿನಕ್ಕೆ ಚಿಪ್.