ಸಹಾರಾದ ಝೈತೂನ್: ಹಸಿರಿದೆ, ಸಸಿಯಿಲ್ಲ

ಮುಡಿಯಲ್ಲಿ ಮಲ್ಲಿಗೆ, ಅಂಗಳದಲ್ಲಿ ಪಾರಿಜಾತ, ಕಪಾಟಿನಲ್ಲಿ ಝೈತೂನ್ ಎಣ್ಣೆಯ ಒಂದು ಪುಟ್ಟ ಬಾಟಲಿ. ಈ ಮೂರಕ್ಕೂ ರಕ್ತಸಂಬಂಧವಿದೆ ಎಂದರೆ ನೀವು ನಂಬುತ್ತೀರಾ? ಸಸ್ಯಶಾಸ್ತ್ರಜ್ಞರ ಲೆಕ್ಕದಲ್ಲಿ ಮೂರೂ ಒಂದೇ ಮನೆತನದವು. ಆ ಮನೆತನದ ಹೆಸರೇ ಝೈತೂನ್ ಕುಟುಂಬ.

ಪವಿತ್ರ ಕುರ್‌ಆನಿನ ಅತ್ತೀನ್ ಮತ್ತು ಅನ್ನೂರ್ ಅಧ್ಯಾಯಗಳಲ್ಲಿ ಝೈತೂನಿನ ಪ್ರಸ್ತಾಪವಿರುವುದು ನಿಮಗೆ ಗೊತ್ತೇ ಇದೆ. ಝೈತೂನ್ ಎಂದಾಗ ಫೆಲೆಸ್ತೀನಿನ ತೋಟಗಳು ಕಣ್ಣ ಮುಂದೆ ಬರುತ್ತವೆ. ಆದರೆ ಅದೇ ಝೈತೂನಿನ ಒಂದು ಕಾಡು ಬಳಗವು ಸಹಾರಾ ಮರುಭೂಮಿಯ ಬೆಟ್ಟಗಳಲ್ಲಿ, ಉಷ್ಣವಲಯದ ಸುಡುಬಿಸಿಲಿನ ನಾಡಿನಲ್ಲಿ, ಸಾವಿರಾರು ವರ್ಷಗಳಿಂದ ಬದುಕಿದೆ. ಇಂದು ಅದು ಅಳಿವಿನ ಅಂಚಿನಲ್ಲಿದೆ. ಆ ಮರದ ಕಥೆಯನ್ನು ಸ್ವಲ್ಪ ಕೇಳಿ.

ಎಲ್ಲಿದೆ ಈ ಮರ?

ಅಲ್ಜೀರಿಯದ ದಕ್ಷಿಣ ಭಾಗದಲ್ಲಿ ಹೊಗ್ಗಾರ್ ಎಂಬ ಕಲ್ಲುಬೆಟ್ಟಗಳ ಸಾಲಿದೆ. ಅದರ ಅತಿ ಎತ್ತರದ ಶಿಖರ ತಹಾತ್ ಸುಮಾರು 2,900 ಮೀಟರ್. ಅಲ್ಲಿಯ ಮುಖ್ಯ ಪಟ್ಟಣ ತಮನ್‌ರಾಸೆತ್. ಆ ಬೆಟ್ಟಗಳಲ್ಲಿ, ಹತ್ತಿರದ ತಸ್ಸಿಲಿಯಲ್ಲಿ, ನೈಜರ್ ದೇಶದ ಆಯಿರ್ ಬೆಟ್ಟಗಳಲ್ಲಿ ಮತ್ತು ಸುಡಾನಿನ ಜಬಲ್ ಮರ್ರಾದಲ್ಲಿ ಈ ಮರವಿದೆ. ಸಹಾರಾವನ್ನು ಆಳಲು ಬಂದಿದ್ದ ಲಾಪೆರಿನ್ ಎಂಬ ಫ್ರೆಂಚ್ ಸೇನಾಧಿಕಾರಿಯ ಹೆಸರನ್ನು ಕಳೆದ ಶತಮಾನದ ಆರಂಭದಲ್ಲಿ ಇದಕ್ಕೆ ಇಟ್ಟರು. ಆ ಅಧಿಕಾರಿ 1920ರಲ್ಲಿ ವಿಮಾನ ಅಪಘಾತಕ್ಕೀಡಾಗಿ ಅದೇ ಮರುಭೂಮಿಯಲ್ಲಿ ತೀರಿಕೊಂಡರು. ಆದರೆ ಅವರು ಹುಟ್ಟುವ ಎಷ್ಟೋ ಮೊದಲೇ ಅಲ್ಲಿಯ ತುವಾರೆಗ್ ಮುಸ್ಲಿಮರಿಗೆ ಈ ಮರ ಚಿರಪರಿಚಿತವಾಗಿತ್ತು. ಅದರ ಎಲೆ ಅವರಿಗೆ ಮದ್ದು, ಬರಗಾಲದಲ್ಲಿ ಆಡುಗಳಿಗೆ ಮೇವು.

ಮಂಗಳೂರಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ತಮನ್‌ರಾಸೆತ್‌ನಲ್ಲಿ ನೂರು ಮಿಲಿಮೀಟರ್ ಕೂಡ ಬೀಳುವುದಿಲ್ಲ. ಅಂಥಲ್ಲಿಗೆ ಝೈತೂನ್ ಬಂದದ್ದಾದರೂ ಹೇಗೆ? ಐದಾರು ಸಾವಿರ ವರ್ಷಗಳ ಹಿಂದಿನವರೆಗೆ ಸಹಾರಾದಲ್ಲಿ ಹುಲ್ಲುಗಾವಲುಗಳೂ ಕೆರೆಗಳೂ ಇದ್ದವು. ತಸ್ಸಿಲಿಯ ಬಂಡೆಗಳ ಮೇಲೆ ಅಂದಿನ ಜನರು ಬರೆದ ದನಗಳ ಚಿತ್ರಗಳು ಇಂದಿಗೂ ಇವೆ. ಮಳೆ ಕಡಿಮೆಯಾಗಿ ಬಯಲು ಮರಳಾದಾಗ, ಸ್ವಲ್ಪ ತಂಪು ಉಳಿದಿದ್ದ ಬೆಟ್ಟದ ಕಣಿವೆಗಳಲ್ಲಿ ಈ ಮರಗಳು ಉಳಿದುಕೊಂಡವು.

ತೊಟ್ಟಿಲು ಖಾಲಿ

ನೀವು ಮಲ್ಲಿಗೆಯ ಗೆಲ್ಲು ನೆಟ್ಟು ಗಿಡ ಮಾಡುತ್ತೀರಲ್ಲವೇ? ಗಿಡ ಹೊಸದು, ಗುಣವೆಲ್ಲ ಹಳೆಯ ಗಿಡದ್ದೇ. ಸಹಾರಾದ ಝೈತೂನ್ ಬದುಕಿರುವುದು ಹೆಚ್ಚುಕಡಿಮೆ ಇದೇ ರೀತಿಯಲ್ಲಿ. ಕಾಂಡ ಒಣಗಿದರೆ ಬುಡದಿಂದ ಹೊಸ ಚಿಗುರು ಏಳುತ್ತದೆ. ಅದು ದಪ್ಪವಾಗಿ ಮತ್ತೊಂದು ಕಾಂಡವಾಗುತ್ತದೆ. ಒಟ್ಟಿಗೆ ನಿಂತ ನಾಲ್ಕೈದು ಮರಗಳಂತೆ ಕಾಣುವುದು ಎಷ್ಟೋ ಸಲ ಒಂದೇ ಮರವಾಗಿರುತ್ತದೆ. ಹೊಗ್ಗಾರಿನ ಮರಗಳ ವಂಶವಾಹಿಗಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ದೃಢಪಡಿಸಿತು.

ಬೀಜದಿಂದ ಹುಟ್ಟಿದ ಸಸಿಗಳು ಮಾತ್ರ ಬಹಳ ಅಪರೂಪ. ಮೊಳಕೆಯೊಡೆದ ಬೀಜದ ಬೇರು ಬೇಸಿಗೆಗೆ ಮುನ್ನ ತೇವವನ್ನು ಮುಟ್ಟಬೇಕು. ಅದಕ್ಕೆ ಒಳ್ಳೆಯ ಮಳೆ ಬೇಕು. ಮಳೆ ಬಂದರೂ ಎಳೆಯ ಎಲೆ ಆಡು, ಕತ್ತೆ, ಒಂಟೆಗಳ ಬಾಯಿಗೆ ಸಿಗುತ್ತದೆ. ಇದಕ್ಕಾಗಿ ತುವಾರೆಗರನ್ನು ದೂರುವುದು ಸುಲಭ. ಆದರೆ ಹುಲ್ಲೇ ಇಲ್ಲದ ವರ್ಷದಲ್ಲಿ ಆಡುಗಳನ್ನು ಉಳಿಸಿಕೊಳ್ಳಬೇಕಾದ ತಾಯಿ ಬೇರೇನು ಮಾಡಿಯಾಳು? ಆಡಿನ ಹಾಲೇ ಅವಳ ಮಕ್ಕಳ ಆಹಾರ.

ಅಜ್ಜಿ ಗಟ್ಟಿಮುಟ್ಟಾಗಿದ್ದಾರೆ, ಮನೆಯ ತೊಟ್ಟಿಲು ಮಾತ್ರ ಖಾಲಿ. ಈ ಮರದ ಸ್ಥಿತಿ ಇಂಥದ್ದು. ದೂರದಿಂದ ನೋಡಿದವರಿಗೆ ಹಸಿರು ಕಾಣುತ್ತದೆ, ಅಪಾಯ ಕಾಣುವುದಿಲ್ಲ.

ಇನ್ನೊಂದು ತೊಂದರೆಯೂ ಇದೆ. ತಮನ್‌ರಾಸೆತ್‌ನ ತೋಟಗಳಲ್ಲಿ ಈಗ ಊರಿನ ಝೈತೂನ್ ಗಿಡಗಳನ್ನು ಬೆಳೆಸುತ್ತಾರೆ. ಝೈತೂನಿನ ಪರಾಗ ಗಾಳಿಯಲ್ಲಿ ಹಾರುತ್ತದೆ. ತೋಟದ ಮರವೂ ಕಾಡಿನ ಮರವೂ ಬೆರೆತು ಹುಟ್ಟಿದ ಗಿಡಗಳು ಈಗಾಗಲೇ ಕಂಡುಬಂದಿವೆ. ನಮ್ಮೂರ ತಳಿಯ ದನಗಳು ಹೊರಗಿನ ತಳಿಯೊಂದಿಗೆ ಬೆರೆತು ಕಡಿಮೆಯಾದುದನ್ನು ನಾವೇ ಕಂಡಿಲ್ಲವೇ? ಇನ್ನು ಜಬಲ್ ಮರ್ರಾ ಇರುವುದು ದಾರ್ಫುರ್‌ನಲ್ಲಿ. 2003ರಲ್ಲಿ ಯುದ್ಧ ಹೊತ್ತಿಕೊಂಡ, 2023ರಿಂದ ಮತ್ತೆ ರಕ್ತ ಹರಿದ ನೆಲವದು. ಮನುಷ್ಯರ ಲೆಕ್ಕವೇ ಸಿಗದಲ್ಲಿ ಮರಗಳ ಲೆಕ್ಕ ಇಡುವವರು ಯಾರು?

ನಮಗೇನು?

ಆಫ್ರಿಕಾದ ಬೆಟ್ಟದ ಮರ ಒಣಗಿದರೆ ನಮಗೇನು ಎಂದು ನೀವು ಕೇಳಬಹುದು. 2022ರಲ್ಲಿ ಸ್ಪೈನಿನಲ್ಲಿ ಭೀಕರ ಬರ ಬಂತು. ಆ ಹಂಗಾಮಿನಲ್ಲಿ ಅಲ್ಲಿಯ ಝೈತೂನ್ ಎಣ್ಣೆಯ ಉತ್ಪಾದನೆ ಹಿಂದಿನ ಹಂಗಾಮಿನ ಅರ್ಧಕ್ಕಿಂತಲೂ ಕಡಿಮೆಯಾಯಿತು. 2023ರಲ್ಲಿ ಜಗತ್ತಿನಾದ್ಯಂತ ಬೆಲೆ ಗಗನಕ್ಕೇರಿತು. ಬಾಟಲಿ ಕೊಳ್ಳಲು ಹೋದ ನಿಮಗೂ ಅದರ ಬಿಸಿ ತಟ್ಟಿರಬಹುದು. ಭೂಮಿ ಬಿಸಿಯಾದಂತೆ ಇಂಥ ಬರ ಇನ್ನೂ ಹೆಚ್ಚಲಿದೆ. ಸಾವಿರಾರು ವರ್ಷ ಬರದಲ್ಲೇ ಬದುಕಲು ಕಲಿತ ಝೈತೂನ್ ಈ ಬೆಟ್ಟಗಳಲ್ಲಿದೆ. ತೋಟದ ಝೈತೂನಿನೊಂದಿಗೆ ಅದನ್ನು ಕೂಡಿಸಿ ಬರ ತಾಳುವ ತಳಿ ಬೆಳೆಸಲು ಸಾಧ್ಯವಿದೆ. ಆದರೆ ಅದಕ್ಕೆ ಬೆಟ್ಟದ ಮರ ಬೆರಕೆಯಾಗದೆ ಉಳಿದಿರಬೇಕು.

ಅಲ್ಜೀರಿಯ 1972ರಲ್ಲಿ ತಸ್ಸಿಲಿಯನ್ನು, 1987ರಲ್ಲಿ ಹೊಗ್ಗಾರನ್ನು ರಾಷ್ಟ್ರೀಯ ಉದ್ಯಾನವಾಗಿಸಿತು. ನೈಜರಿನ ಆಯಿರ್ 1991ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮರುವರ್ಷವೇ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಕಾನೂನು ಮರ ಕಡಿಯುವವನ ಕೈ ಹಿಡಿಯಬಹುದು. ಸಸಿ ಮೇಲೇಳಬೇಕಾದರೆ ಒಂದೆರಡು ಕಣಿವೆಗಳಿಗೆ ಕೆಲವು ವರ್ಷ ಬೇಲಿ ಬೇಕು. ಆ ವರ್ಷಗಳಲ್ಲಿ ಆಡುಗಳಿಗೆ ಬೇರೆ ಮೇವು ಬೇಕು. ಅಲ್ಲಿಯ ಕುಟುಂಬಗಳನ್ನು ಜೊತೆಗೂಡಿಸಿಕೊಳ್ಳದೆ ಇದು ಆಗುವ ಕೆಲಸವಲ್ಲ.

ಸಹೋದರಿಯರೇ, ಹೊಗ್ಗಾರಿಗೆ ಹೋಗಿ ಬೇಲಿ ಹಾಕಲು ನಮ್ಮಿಂದಾಗದು. ಆದರೆ ಆ ಮರ ಕಲಿಸುವ ಪಾಠ ನಮ್ಮ ಹಿತ್ತಿಲಿಗೂ ಅನ್ವಯಿಸುತ್ತದೆ. ನಿಮ್ಮ ಅಜ್ಜಿಯ ಕಾಲದ ಹಲಸು, ಕಾಟುಮಾವು, ನೇರಳೆ ಇಂದಿಗೂ ಹಣ್ಣು ಕೊಡುತ್ತಿರಬಹುದು. ಈ ಮಳೆಗಾಲದಲ್ಲಿ ಒಮ್ಮೆ ಮಕ್ಕಳನ್ನು ಕರೆದುಕೊಂಡು ಅದರ ಬುಡಕ್ಕೆ ಹೋಗಿ. ಮೇಲೆ ಎಷ್ಟು ಹಣ್ಣಿದೆ ಎಂದು ಎಣಿಸುವ ಮೊದಲು ಕೆಳಗೆ ಸಸಿ ಇದೆಯೇ ಎಂದು ಹುಡುಕಿ. ಇದ್ದರೆ ಆಡು, ದನ ಬಾಯಿ ಹಾಕದಂತೆ ನಾಲ್ಕು ಕೋಲು ನೆಟ್ಟು ಸುತ್ತ ಮುಳ್ಳು ಕಟ್ಟಿ. ಇಲ್ಲದಿದ್ದರೆ ಈ ವರ್ಷವೇ ಒಂದು ಬೀಜ ಊರಿ.