ಕೆಂಪು ಮೊದಲು ಹೋಗುತ್ತದೆ

ಷೋಕೇಸಿನಲ್ಲಿ ವರ್ಷಗಟ್ಟಲೆ ಕದಲದೆ ನಿಂತ ಗೊಂಬೆಯೊಂದನ್ನು ಎತ್ತಿ, ತಿರುಗಿಸಿ, ಅದರ ಬೆನ್ನು ನೋಡಿ. ಮುಂದಿನಿಂದ ತಿಳಿ ಗುಲಾಬಿಯಾಗಿ ಕಾಣುವ ಸೀರೆ ಹಿಂದೆ ಕಡುಗೆಂಪಾಗಿರುತ್ತದೆ. ಕೊರಳಿಗೆ ಹಾಕಿದ ಮುತ್ತಿನ ಸರ ತೆಗೆದರೆ ಅದರಡಿ ಸರದ ಅಚ್ಚಿನಲ್ಲೇ ಹಳೆಯ ಬಣ್ಣ ಉಳಿದಿರುತ್ತದೆ. ‘ಹಳೇದಾಯ್ತಲ್ಲ, ಅದಕ್ಕೇ ಬಣ್ಣ ಹೋಯ್ತು’ ಎಂದು ಮನೆಯವರು ಸಮಾಧಾನ ಹೇಳಿಕೊಳ್ಳುತ್ತಾರೆ. ಆದರೆ ಗೊಂಬೆಯ ಮುಖಕ್ಕೂ ಬೆನ್ನಿಗೂ ಒಂದೇ ವಯಸ್ಸು. ವಯಸ್ಸಿನ ದೋಷವಾಗಿದ್ದರೆ ಎರಡೂ ಕಡೆ ಮಾಸಬೇಕಿತ್ತು. ಮಾಸಿರುವುದು ಕಿಟಕಿಯತ್ತ ಮುಖ ಮಾಡಿದ ಭಾಗ ಮಾತ್ರ.

ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಗೊಂಬೆಗಳು ಬೆಳಕು ಕಾಣುತ್ತಿದ್ದುದು ನವರಾತ್ರಿಯ ಒಂಬತ್ತು ಹತ್ತು ದಿನ ಮಾತ್ರ. ಪಟ್ಟದ ಗೊಂಬೆಗಳನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸಿ, ಕೆಳಗೆ ದಶಾವತಾರ, ಇನ್ನೂ ಕೆಳಗೆ ಅಂಗಡಿ ಹರಡಿಕೊಂಡ ಶೆಟ್ಟಿ-ಶೆಟ್ಟಮ್ಮ. ಹೆಚ್ಚಿನ ಸಂಭ್ರಮವೆಲ್ಲ ಸಂಜೆ, ಆರತಿಯ ಹೊತ್ತಿಗೆ. ಹಬ್ಬ ಮುಗಿದರೆ ಹಳೇ ಪಂಚೆಯ ಚೂರಿನಲ್ಲಿ ಸುತ್ತಿಸಿಕೊಂಡು ಟ್ರಂಕು ಸೇರಿ ಅಟ್ಟಕ್ಕೆ. ಇದನ್ನು ಸಂರಕ್ಷಣಾ ಶಾಸ್ತ್ರ ಎಂದುಕೊಂಡು ಯಾರೂ ಮಾಡಲಿಲ್ಲ. ಮನೆಯಲ್ಲಿ ಜಾಗವಿರಲಿಲ್ಲ, ಮಕ್ಕಳ ಕೈಗೆ ಸಿಗಬಾರದಿತ್ತು. ಆದರೆ ಅಜ್ಜಿಯ ಕಾಲದ ಗೊಂಬೆ ಇಂದಿಗೂ ಕೆಂಪಾಗಿದ್ದರೆ ಅದಕ್ಕೆ ಮುಖ್ಯ ಕಾರಣ ಆ ಟ್ರಂಕು. ಗೊಂಬೆ ಹಬ್ಬದಿಂದ ಷೋಕೇಸಿಗೆ ಬಡ್ತಿ ಪಡೆದ ಗೊಂಬೆಯ ಪಾಡು ಬೇರೆ. ಷೋಕೇಸಿನ ಒಂದು ವರ್ಷವೆಂದರೆ ಮೂವತ್ತಾರು ದಸರೆಗಳ ಬೆಳಕು.

ಬೆಳಕಿನ ಹಾನಿ ಕೂಡುತ್ತಾ ಹೋಗುವಂಥದ್ದು. ಇವತ್ತು ಬಿದ್ದ ಬೆಳಕು ಮಾಡಿದ ಕೆಲಸವನ್ನು ನಾಳೆಯ ಕತ್ತಲೆ ಅಳಿಸುವುದಿಲ್ಲ. ಬೇಗ ಮಾಸುವ ವಸ್ತುಗಳಿಗೆ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಹಾಕಿಕೊಳ್ಳುವ ಮಿತಿ 50 ಲಕ್ಸ್. ಕಣ್ಣು ಒಗ್ಗಿಕೊಳ್ಳಲು ಒಂದೆರಡು ನಿಮಿಷ ಬೇಕಾಗುವಷ್ಟು ಮಂದ ಬೆಳಕು ಅದು. ನೆತ್ತಿಯ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಅಂದರೆ ಅಂಥ ಬಿಸಿಲಿನ ಒಂದು ಗಂಟೆ ವಸ್ತುಸಂಗ್ರಹಾಲಯದ 2,000 ಗಂಟೆಗಳಿಗೆ ಸಮ. ದಿನಕ್ಕೆ ಎಂಟು ಗಂಟೆ ತೆರೆದರೆ 250 ದಿನ. ಪಡುವಣ ಕಿಟಕಿಯಿಂದ ಓರೆಯಾಗಿ ಬಂದು ಅರ್ಧ ಗಂಟೆ ಗೊಂಬೆಯ ಕೆನ್ನೆ ಸವರಿ ಹೋಗುವ ಸಂಜೆ ಬಿಸಿಲು ಅಷ್ಟು ಪ್ರಖರವಲ್ಲ, ನಿಜ. ಆದರೂ ಅದು ದಿನವೂ ಬರುತ್ತದೆ.

‘ಗಾಜಿನೊಳಗೇ ಇಟ್ಟಿದ್ದೀವಲ್ಲ’ ಎನ್ನುವುದು ಎಲ್ಲ ಮನೆಗಳಲ್ಲೂ ಕೇಳುವ ಮಾತು. ಗಾಜು ಧೂಳನ್ನು ತಡೆಯುತ್ತದೆ, ಬೆಕ್ಕನ್ನು ತಡೆಯುತ್ತದೆ. ನೇರಳಾತೀತ ಕಿರಣಗಳಲ್ಲಿ ಒಂದು ಪಾಲನ್ನೂ ತಡೆಯುತ್ತದೆ. ಉಳಿದ ಪಾಲು ಒಳಗೆ ಬರುತ್ತದೆ, ಕಣ್ಣಿಗೆ ಕಾಣುವ ಬೆಳಕಂತೂ ಹೆಚ್ಚುಕಡಿಮೆ ಪೂರ್ತಿ ಬರುತ್ತದೆ. ಕೆಲವು ಬಣ್ಣಗಳನ್ನು ಕೆಡಿಸಲು ಆ ಕಾಣುವ ಬೆಳಕೊಂದೇ ಸಾಕು. ಹಾಗಾಗಿ ಕಿಟಕಿಗೆ ನೇರಳಾತೀತ ಕಿರಣ ತಡೆಯುವ ಫಿಲ್ಮ್ ಅಂಟಿಸಿದರೆ ಮಾಸುವ ವೇಗ ತಗ್ಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಷೋಕೇಸಿನೊಳಗೆ ಹ್ಯಾಲೋಜನ್ ದೀಪವಿದ್ದರೆ ಬೆಳಕಿನ ಜೊತೆ ಶಾಖವನ್ನೂ ಸೇರಿಸಿದಂತೆ. ಎಲ್‌ಇಡಿಯಲ್ಲಿ ನೇರಳಾತೀತ ಕಿರಣ ಹೆಚ್ಚುಕಡಿಮೆ ಇರುವುದಿಲ್ಲ, ಅಷ್ಟರಮಟ್ಟಿಗೆ ವಾಸಿ. ಇಡೀ ರಾತ್ರಿ ಉರಿಸುವ ಅಗತ್ಯವಂತೂ ಇಲ್ಲ.

ಕೆಂಪು ಮೊದಲು ಹೋಗುತ್ತದೆ ಎಂದು ತಲೆಬರಹದಲ್ಲಿ ಹೇಳಿದೆ. ಎಲ್ಲ ಕೆಂಪೂ ಅಲ್ಲ. ಕಾವಿ, ಕೆಮ್ಮಣ್ಣು ಇವು ಕಬ್ಬಿಣದ ಆಕ್ಸೈಡುಗಳು. ಬಾದಾಮಿಯ ಸುತ್ತಲಿನ ಬಂಡೆಗಳ ಬಣ್ಣದ ಜಾತಿಯವು, ಬಿಸಿಲಿಗೆ ಜಗ್ಗುವುದಿಲ್ಲ. ಜಗ್ಗುವುದು ಡೈಗಳಿಂದ ಮಾಡಿದ ಕೆಂಪು, ಗುಲಾಬಿ, ರಾಣಿ ಬಣ್ಣ. ಬೆಳಕನ್ನು ಹೀರಿಕೊಂಡ ಅಣು ತಾನೇ ಮುರಿದು, ಬಣ್ಣ ಕೊಡುವ ಗುಣ ಕಳೆದುಕೊಳ್ಳುತ್ತದೆ. ನೇರಳೆ ಬಣ್ಣದ ಗೊಂಬೆ ನೀಲಿಯಾಗುವುದೂ ಇದರಿಂದಲೇ: ಬೆರೆಸಿದ ಎರಡರಲ್ಲಿ ಕೆಂಪು ಹೋಯಿತು, ನೀಲಿ ಉಳಿಯಿತು. ದೊಡ್ಡವರ ಮನೆಯಲ್ಲೂ ಆಗಿದೆ ಇದು. ಚಿತ್ರಕಾರ ವ್ಯಾನ್ ಗೋ 1888ರಲ್ಲಿ ಬರೆದ ತನ್ನ ಮಲಗುವ ಕೋಣೆಯ ಚಿತ್ರದಲ್ಲಿ ಗೋಡೆ ನೇರಳೆಯಾಗಿತ್ತು. ಇಂದು ಜಗತ್ತು ನೋಡುತ್ತಿರುವುದು ನೀಲಿ ಗೋಡೆ.

ಚನ್ನಪಟ್ಟಣದ ಗೊಂಬೆಯ ಕಥೆ ಸ್ವಲ್ಪ ಬೇರೆ. ಅಲ್ಲಿ ಬಣ್ಣ ಬಳಿಯುವುದಿಲ್ಲ. ಲೇತಿನಲ್ಲಿ ಗಿರ್ರನೆ ತಿರುಗುವ ಆಲೆ ಮರದ ತುಂಡಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಕೂರುತ್ತದೆ. ಆಮೇಲೆ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ನೈಸರ್ಗಿಕ ಬಣ್ಣದ್ದೇ ಬೇಕೆಂದು ನಾವು ಕೇಳಿ ಕೊಳ್ಳುತ್ತೇವೆ, ಮಗು ಬಾಯಿಗೆ ಹಾಕಿಕೊಳ್ಳುವ ಆಟಿಕೆಗೆ ಅದೇ ಸರಿ. ಆದರೆ ಅರಿಶಿನದ ಹಳದಿ ಬೆಳಕಿಗೆ ನಿಲ್ಲುವ ಬಣ್ಣವಲ್ಲ ಎಂಬುದನ್ನು ಬಿಸಿಲಿಗೆ ಹರವಿದ ಅರಿಶಿನದ ಕಲೆಯ ಬಟ್ಟೆ ಎಲ್ಲರಿಗೂ ತೋರಿಸಿಕೊಟ್ಟಿದೆ. ನೀಲಿ ಸೊಪ್ಪಿನ ನೀಲಿ ಅದಕ್ಕಿಂತ ಗಟ್ಟಿ. ಆದ್ದರಿಂದ ಅವೆರಡನ್ನೂ ಬೆರೆಸಿ ಮಾಡಿದ ಹಸಿರು ಗಿಳಿ ವರ್ಷಗಳು ಕಳೆದಂತೆ ನೀಲಿಯತ್ತ ವಾಲಿದರೆ ಅಂಗಡಿಯವನು ಮೋಸ ಮಾಡಿದನೆಂದು ಬೈಯಬೇಡಿ. ಅರಗಿಗೆ ಬೇರೆ ಶತ್ರುಗಳೂ ಇದ್ದಾರೆ. ನೀರು ನಿಂತರೆ ಬೆಳ್ಳನೆ ಮಬ್ಬು ಕಟ್ಟುತ್ತದೆ. ಸ್ಪಿರಿಟ್, ಸೆಂಟು, ಕೈಗೆ ಹಚ್ಚುವ ಸ್ಯಾನಿಟೈಸರ್ ಯಾವುದು ತಾಗಿದರೂ ಆಲ್ಕೋಹಾಲು ಅರಗನ್ನು ಕರಗಿಸಿ ಬೆರಳಚ್ಚು ಮೂಡಿಸುತ್ತದೆ.

ಹಾಗಾದರೆ ಎಲ್ಲವನ್ನೂ ಕತ್ತಲೆಯಲ್ಲಿಟ್ಟರೆ ಮುಗಿಯಿತೇ? ಇಲ್ಲೊಂದು ತಮಾಷೆಯಿದೆ. ಎಣ್ಣೆ ಆಧಾರದ ಎನಾಮೆಲ್ ಪೇಂಟಿನ ಬಿಳಿ ಬೆಳಕಿನಲ್ಲಿ ಬಿಳಿಯಾಗಿಯೇ ಇದ್ದು, ಕತ್ತಲೆಯಲ್ಲಿ ಹಳದಿಗಟ್ಟುತ್ತದೆ. ಟ್ರಂಕಿನಿಂದ ಹೊರಬಂದ ಸರಸ್ವತಿಯ ಬಿಳಿ ಸೀರೆ, ಹಂಸ, ವೀಣೆಯ ಬುರುಡೆ ಎಲ್ಲ ಬೆಣ್ಣೆ ಬಣ್ಣಕ್ಕೆ ತಿರುಗಿರುವುದು ಇದರಿಂದ. ಗಾಬರಿಪಟ್ಟು ಉಜ್ಜಬೇಕಿಲ್ಲ, ಸಾಧಾರಣ ಬೆಳಕಿನಲ್ಲಿ ಕೆಲವು ದಿನ ಇದ್ದರೆ ಆ ಹಳದಿ ಒಂದಿಷ್ಟು ತಾನಾಗಿಯೇ ಇಳಿಯುತ್ತದೆ. ಹಬ್ಬದ ಹತ್ತು ದಿನ ಅದಕ್ಕೂ ಒದಗಿ ಬರುತ್ತವೆ. ಇನ್ನು ಹಳೆಯ ಕಾಲದ ಸೀಸದ ಬಿಳಿ ಬಳಿದ ಮುಖಗಳು ಕಪ್ಪಿಟ್ಟಿದ್ದರೆ ಅದು ಕೊಳೆಯಲ್ಲದೆ ಇರಬಹುದು. ಗಾಳಿಯಲ್ಲಿರುವ ಗಂಧಕದ ಅನಿಲದೊಡನೆ ಸೀಸ ಸೇರಿ ಕಪ್ಪಾಗುತ್ತದೆ. ಎಷ್ಟು ಒರೆಸಿದರೂ ಬರುವುದಿಲ್ಲ. ಅಗರಬತ್ತಿ, ಕರ್ಪೂರದ ಮಸಿಯಾದರೆ ಮೃದುವಾದ ಒಣ ಕುಂಚಕ್ಕೆ ಸ್ವಲ್ಪವಾದರೂ ಬಂದೀತು.

ಒದ್ದೆ ಬಟ್ಟೆ ಮಾತ್ರ ಬೇಡ. ಮಣ್ಣಿನ, ಪ್ಲಾಸ್ಟರ್ ಆಫ್ ಪ್ಯಾರಿಸ್‌ನ, ಕಾಗದದ ತಿರುಳಿನ ಗೊಂಬೆಗಳಿಗೆ ಎಷ್ಟೋ ಸಲ ನೀರಿನಲ್ಲಿ ಕರಗುವ ಬಣ್ಣವನ್ನೇ ಹಚ್ಚಿರುತ್ತಾರೆ. ಒಮ್ಮೆ ಒರೆಸಿದರೆ ಸಾಕು, ಹುಬ್ಬು, ತುಟಿ, ತಿಲಕ ಎಲ್ಲವೂ ಬಟ್ಟೆಗೆ ಬಂದಿರುತ್ತವೆ. ಕರಾವಳಿ, ಮಲೆನಾಡಿನಲ್ಲಂತೂ ಮಳೆಗಾಲದ ತೇವಕ್ಕೆ ಬೂಷ್ಟು ಬೆಳೆದು ಬಣ್ಣವೇ ಹಕ್ಕಳೆ ಏಳುತ್ತದೆ. ಸುತ್ತಿಡಲು ದಿನಪತ್ರಿಕೆ ಒಳ್ಳೆಯದಲ್ಲ: ಅದರ ಶಾಯಿ ಅಂಟುತ್ತದೆ, ಕಾಗದದ ಆಮ್ಲ ಬಣ್ಣಕ್ಕೆ ಹಿತವಲ್ಲ. ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಗೆ ಸಾಟಿಯಿಲ್ಲ. ನುಸಿ ಗುಳಿಗೆಯನ್ನು ಗೊಂಬೆಯ ಮಗ್ಗುಲಲ್ಲೇ ಇಡುವ ಅಭ್ಯಾಸವನ್ನೂ ಬಿಡಬೇಕು. ಅದರ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆದುವಾಗಿಸುತ್ತದೆ.

ಪ್ಲಾಸ್ಟಿಕ್ಕೆಂದರೆ ಮಗನೋ ಮೊಮ್ಮಗಳೋ ಸಾಲಾಗಿ ನಿಲ್ಲಿಸಿರುವ ಜಪಾನಿ ಕಾರ್ಟೂನಿನ ವೀರರು. ಒಂದೊಂದಕ್ಕೆ ಸಾವಿರಾರು ರೂಪಾಯಿ ಸುರಿದಿರುತ್ತಾರೆ. ಹೆಚ್ಚಿನವು ಪಿವಿಸಿ. ಬಿಸಿಲು, ಸೆಕೆ ಎರಡೂ ಸೇರಿದರೆ ಬಿಳಿ ಚರ್ಮ ಹಳದಿಯಾಗುತ್ತದೆ. ಪಿವಿಸಿಯನ್ನು ಮೆದುವಾಗಿಡಲು ಸೇರಿಸಿದ ಎಣ್ಣೆಯಂಥ ದ್ರವ ಹೊರಗೆ ಒಸರಿ ಮೈ ಜಿಗುಟಾಗುತ್ತದೆ, ಧೂಳು ಕಚ್ಚಿಕೊಳ್ಳುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಸವರಿ ಬಿಸಿಲಿಗಿಟ್ಟು ಬೆಳ್ಳಗೆ ಮಾಡುವ ಉಪಾಯವೊಂದು ಸಂಗ್ರಾಹಕರಲ್ಲಿ ಜನಪ್ರಿಯ. ಬಣ್ಣ ಬಳಿಯದ ಹಳೆಯ ಕಂಪ್ಯೂಟರಿನ ಡಬ್ಬಿಗೆ ಅದು ನಡೆದೀತು, ಕಣ್ಣು ರೆಪ್ಪೆ ಬರೆದ ಗೊಂಬೆಗೆ ಹಚ್ಚಿದರೆ ಉಳಿದ ಬಣ್ಣವನ್ನೂ ಬಿಳಿಚಿಸಿಬಿಡುತ್ತದೆ.

ನಿಮ್ಮ ಷೋಕೇಸು ಎಷ್ಟು ಕ್ರೂರ ಎಂದು ತಿಳಿಯಬೇಕಾದರೆ ಅಗ್ಗದ ಪರೀಕ್ಷೆಯೊಂದಿದೆ. ಮಕ್ಕಳ ಸ್ಕೆಚ್ ಪೆನ್ನಿನಿಂದ ರಟ್ಟಿನ ಮೇಲೆ ಗುಲಾಬಿ, ನೇರಳೆ, ಹಳದಿ ಪಟ್ಟೆ ಎಳೆದು, ಅರ್ಧಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಗೊಂಬೆಗಳ ನಡುವೆ ನಿಲ್ಲಿಸಿ. ಮೂರು ತಿಂಗಳಿಗೆ ಫಾಯಿಲ್ ಬಿಚ್ಚಿ ಎರಡು ಭಾಗವನ್ನೂ ಹೋಲಿಸಿ. ಎರಡರ ನಡುವೆ ಗೆರೆ ಎದ್ದು ಕಂಡರೆ ಷೋಕೇಸನ್ನು ಒಳಗೋಡೆಗೆ ಸರಿಸಬೇಕು. ಸರಿಸಲಾಗದಿದ್ದರೆ ಪರದೆ, ಅದೂ ಆಗದಿದ್ದರೆ ಸರದಿ. ಹತ್ತು ಗೊಂಬೆ ಹೊರಗೆ, ಮೂವತ್ತು ಪೆಟ್ಟಿಗೆಯಲ್ಲಿ, ನಾಲ್ಕು ತಿಂಗಳಿಗೊಮ್ಮೆ ಪಾಳಿ ಬದಲು. ನೋಡುವವರಿಗೂ ಹೊಸತನ.

ಮಾಸಿದ್ದಕ್ಕೆ ಮತ್ತೆ ಬಣ್ಣ ಬಳಿಸಬಹುದೇ? ಸಂತೆಯಲ್ಲಿ ಕೊಂಡ ಮಣ್ಣಿನ ಗೊಂಬೆಗಾದರೆ ಧಾರಾಳವಾಗಿ. ತಲೆಮಾರು ದಾಟಿ ಬಂದ ರಕ್ತಚಂದನದ ಪಟ್ಟದ ಗೊಂಬೆ, ಹಳೆಯ ಕಿನ್ನಾಳದ ಗರುಡ ಇಂಥವಕ್ಕೆ ಪೇಟೆಯ ಎನಾಮೆಲ್ ಬಳಿಸುವುದು ನನಗೆ ಒಪ್ಪಿಗೆಯಿಲ್ಲ. ಮೂಲ ಗೆರೆ ಅದರಡಿ ಹೂತುಹೋಗುತ್ತದೆ, ಮತ್ತೆ ಬಿಡಿಸಿ ತೆಗೆಯಲಾಗದು. ಬಳಿಸಿಯೇ ತೀರುತ್ತೇವೆ ಎನ್ನುವವರು ಒಂದನ್ನು ಮರೆಯಬಾರದು. ನಮ್ಮ ದೇಶದಲ್ಲಿ ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಬಣ್ಣದಲ್ಲಿ ಸೀಸ ಇದ್ದಿರಬಹುದು. ಮಕ್ಕಳಿರುವ ಮನೆಯೊಳಗೆ ಕೂತು ಅಂಥ ಗೊಂಬೆಗೆ ಉಪ್ಪುಕಾಗದ ಹಾಕಿ ತಿಕ್ಕಬೇಡಿ. ಆ ಪುಡಿ ನೆಲದ ಮೇಲೆ ಉಳಿಯುತ್ತದೆ, ಅಂಬೆಗಾಲಿಡುವವರ ಅಂಗೈಗೆ ಹತ್ತುತ್ತದೆ.