ಕೋಡಿಯಿಲ್ಲದ ಕೆರೆ

ಹೆಸರಘಟ್ಟದ ಕೆರೆಯ ಏರಿಯ ಮೇಲೆ ನಿಲ್ಲುವವರು ಸಾಮಾನ್ಯವಾಗಿ ನೀರನ್ನು ನೋಡುತ್ತಾರೆ. ನೀರಿಲ್ಲದ ವರ್ಷಗಳಲ್ಲಿ ಹುಲ್ಲನ್ನೂ ಹಕ್ಕಿಗಳನ್ನೂ ನೋಡುತ್ತಾರೆ. ಕೋಡಿಯನ್ನು ನೋಡುವವರು ವಿರಳ. ಕೋಡಿ ಕಣ್ಣಿಗೆ ಹಬ್ಬವಾಗುವಂಥ ವಸ್ತುವೂ ಅಲ್ಲ. ಯಾವ ಕೆರೆಯಲ್ಲೇ ಆಗಲಿ, ಅದು ಏರಿಗಿಂತ ಕೊಂಚ ತಗ್ಗಾಗಿ ಕಟ್ಟಿದ ಒಂದು ಹಾಸು, ಅಷ್ಟೆ. ಆದರೂ ಕೆರೆ ಕಟ್ಟಿದವನ ಬುದ್ಧಿ ಅಡಗಿರುವುದು ಅಲ್ಲಿಯೇ. ಕೆರೆ ತುಂಬಲಿ ಎಂದು ಶ್ರಮಪಟ್ಟವನೇ, ಇಷ್ಟಕ್ಕಿಂತ ಹೆಚ್ಚು ತುಂಬಕೂಡದೆಂದು ಮೊದಲೇ ನಿಶ್ಚಯಿಸಿ, ಮಿಕ್ಕ ನೀರನ್ನು ಕಳೆದುಕೊಳ್ಳಲು ದಾರಿ ಬಿಟ್ಟಿರುತ್ತಾನೆ. ಆ ದಾರಿಯಿಲ್ಲದ ಕೆರೆ ಒಂದು ಒಳ್ಳೆಯ ಮಳೆಗೆ ಏರಿಯನ್ನೇ ಕಳೆದುಕೊಳ್ಳುತ್ತದೆ.

ಕೆರೆಯ ಮಾತಿನಿಂದ ಪ್ರಾರಂಭಿಸಿದೆನಾದರೂ ನಾನು ಹೇಳಹೊರಟಿರುವುದು ಗಣಕಯಂತ್ರದ ವಿಚಾರ. ಸಾಹಿತ್ಯದ ಪುಟದಲ್ಲಿ ಇದಕ್ಕೇನು ಕೆಲಸ ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ಲೆಕ್ಕವಿಡುವುದು, ಪ್ರತಿಮಾಡುವುದು, ಕಾಪಾಡುವುದು—ಇವು ಓಲೆಗರಿಯ ಲಿಪಿಕಾರರ ಕಾಲದಿಂದಲೂ ಅಕ್ಷರಬಲ್ಲವರ ಉದ್ಯೋಗಗಳೇ ತಾನೆ? ನಮ್ಮ ರೈತರ ಪಹಣಿಗಳು ‘ಭೂಮಿ’ ಯೋಜನೆಯ ಮೂಲಕ ಗಣಕಯಂತ್ರಕ್ಕೆ ಏರಿ ಎರಡು ದಶಕಗಳ ಮೇಲಾಯಿತು. ಪಡಿತರದ ಲೆಕ್ಕ, ವಿದ್ಯಾರ್ಥಿಯ ಅಂಕ, ಬ್ಯಾಂಕಿನ ಉಳಿತಾಯ ಎಲ್ಲವೂ ಈಗ ಡೇಟಾಬೇಸ್ ಎಂಬ ದತ್ತಾಂಶ ಭಂಡಾರಗಳಲ್ಲಿ ಕುಳಿತಿವೆ. ಆ ಭಂಡಾರದ ಬಾಗಿಲು ಒಂದು ಬೆಳಗ್ಗೆ ತೆರೆಯದೆ ಹೋದರೆ ಏನಾಗುತ್ತದೆಂಬುದನ್ನು ತಿಳಿದಿರುವುದರಲ್ಲಿ ತಪ್ಪೇನೂ ಇಲ್ಲ.

ಮೊದಲು ಭಂಡಾರದ ಒಳಗಿನ ವ್ಯವಸ್ಥೆಯನ್ನು ಅರಿಯಬೇಕು. ನಮ್ಮ ಹಳೆಯ ಅಂಗಡಿಗಳಲ್ಲಿ ಎರಡು ಪುಸ್ತಕಗಳಿರುತ್ತಿದ್ದುವು: ಕಿರ್ದಿ ಮತ್ತು ಖತಾವಣಿ. ವ್ಯವಹಾರ ನಡೆದೊಡನೆ ಗುಮಾಸ್ತೆ ಅದನ್ನು ಕಿರ್ದಿಯಲ್ಲಿ ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದ. ಬಿಡುವಾದಾಗ ಅವರವರ ಖಾತೆಗೆ ಏರಿಸುತ್ತಿದ್ದ. ಖಾತೆಗೆ ಏರಿಸುವ ಮೊದಲೇ ದೀಪ ಆರಿತೆನ್ನಿ, ಕಿರ್ದಿ ಇದ್ದರೆ ಸಾಕು, ಮಾರನೆಯ ದಿನ ಎಲ್ಲವನ್ನೂ ಸರಿಮಾಡಬಹುದು. ಪೋಸ್ಟ್‌ಗ್ರೆಸ್ ಎಂಬ ತಂತ್ರಾಂಶ ಮಾಡುವುದೂ ಇದನ್ನೇ. ೧೯೮೦ರ ದಶಕದಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ ಹುಟ್ಟಿದ ಈ ತಂತ್ರಾಂಶವನ್ನು ಇಂದು ಜಗತ್ತಿನೆಲ್ಲೆಡೆ ಯಾರು ಬೇಕಾದರೂ ಹಣಕೊಡದೆ ಬಳಸಬಹುದು. ಅದು ಯಾವ ಬದಲಾವಣೆಯನ್ನಾದರೂ ಮೊದಲು ತನ್ನ ಕಿರ್ದಿಯಲ್ಲಿ ಬರೆದು, ಅದು ಡಿಸ್ಕಿಗೆ ಇಳಿದ ಮೇಲೆಯೇ ‘ಆಯಿತು’ ಎನ್ನುತ್ತದೆ. ವಿದ್ಯುತ್ತು ಹೋಗಿ ಬಂದಾಗ ಈ ಕಿರ್ದಿಯನ್ನು ಓದಿ, ಖಾತೆಗಳನ್ನು ಸರಿಪಡಿಸಿಕೊಂಡು, ಆಮೇಲೆ ಬಾಗಿಲು ತೆರೆಯುತ್ತದೆ.

ಈ ಕಿರ್ದಿಗೆ ಇನ್ನೊಂದು ಪ್ರಯೋಜನವುಂಟು. ಅದರ ಹಾಳೆಗಳನ್ನು ಬೇರೊಂದು ಊರಿನಲ್ಲಿ ಕುಳಿತ ಎರಡನೆಯ ಗುಮಾಸ್ತೆಗೆ ಕಳುಹಿಸುತ್ತ ಬಂದರೆ ಅವನೂ ಅದೇ ಖತಾವಣಿಯನ್ನು ತನ್ನಲ್ಲಿ ಬರೆದುಕೊಳ್ಳುತ್ತಾನೆ. ಇದನ್ನೇ ರೆಪ್ಲಿಕೇಷನ್ ಎನ್ನುವುದು. ಮೊದಲನೆಯ ಯಂತ್ರ ಕೆಟ್ಟರೆ ಎರಡನೆಯದು ಕ್ಷಣಮಾತ್ರದಲ್ಲಿ ಅದರ ಸ್ಥಾನದಲ್ಲಿ ನಿಲ್ಲಬಲ್ಲುದು.

ಹೆಸರಘಟ್ಟದ ಮಗ್ಗುಲಲ್ಲಿ ಒಂದು ಪುಟ್ಟ ಸಂಸ್ಥೆಯಿದೆ. ಹೆಸರು ಇಲ್ಲಿ ಅನಗತ್ಯ. ಅದರ ಯಂತ್ರಗಳಿಗೇನಾದರೂ ಆದಾಗ ನನಗೆ ಹೇಳಿಕಳುಹಿಸುವುದು ವಾಡಿಕೆ. ಮೂಲಯಂತ್ರ ಇಲ್ಲಿ, ಅದರ ಪ್ರತಿ ಯಲಹಂಕದ ಒಂದು ಕೊಠಡಿಯಲ್ಲಿ. ಒಂದು ಬೇಸಗೆಯಲ್ಲಿ ಯಾರೋ ರಸ್ತೆ ಅಗೆದರು. ಇವೆರಡರ ನಡುವಣ ತಂತಿ ತುಂಡಾಯಿತು. ಇಲ್ಲಿನ ಕೆಲಸ ಎಂದಿನಂತೆ ನಡೆಯುತ್ತಲೇ ಇತ್ತಾದ್ದರಿಂದ ಯಾರಿಗೂ ಏನೂ ಗೊತ್ತಾಗಲಿಲ್ಲ. ಹನ್ನೊಂದನೆಯ ದಿನ ಭಂಡಾರ ತಾನಾಗಿಯೇ ನಿಂತುಹೋಯಿತು. ಮತ್ತೆ ಪ್ರಾರಂಭಿಸಿದರೆ ಏಳಲಿಲ್ಲ.

ನಾನು ಹೋಗುವ ವೇಳೆಗೆ ಅಲ್ಲಿ ಮೂರು ಅಭಿಪ್ರಾಯಗಳು ಸಿದ್ಧವಾಗಿದ್ದುವು. ಡಿಸ್ಕೇ ಸುಟ್ಟಿದೆಯೆಂದು ಒಬ್ಬರು. ಯಾರೋ ಕಿಡಿಗೇಡಿಗಳು ಹೊರಗಿನಿಂದ ನುಗ್ಗಿದ್ದಾರೆಂದು ಇನ್ನೊಬ್ಬರು. ಹೊಸ ಯಂತ್ರ ಕೊಳ್ಳಬೇಕೆಂದು ನಾವು ಮೊದಲೇ ಹೇಳಿರಲಿಲ್ಲವೇ ಎಂದು ಮೂರನೆಯವರು. ಯಂತ್ರ ತಾನೇ ಬರೆದಿಟ್ಟ ಕಾರಣವನ್ನು ಮಾತ್ರ ಯಾರೂ ಓದಿರಲಿಲ್ಲ. ವೈದ್ಯರ ಬಳಿಗೆ ಹೋದ ರೋಗಿಯ ಮಾತನ್ನು ಕೇಳದೆ ಬಂಧುಗಳೇ ರೋಗವನ್ನು ನಿರ್ಣಯಿಸುವಂತೆ ಇದು. ಪ್ರಾರಂಭವಾಗದ ಡೇಟಾಬೇಸು ತಾನು ಏಕೆ ಪ್ರಾರಂಭವಾಗಲಿಲ್ಲವೆಂಬುದನ್ನು ಬಹುಮಟ್ಟಿಗೆ ತನ್ನ ವರದಿಯ ಕೊನೆಯ ಕೆಲವು ಸಾಲುಗಳಲ್ಲಿ ಹೇಳಿಯೇ ಇರುತ್ತದೆ. ತನ್ನ ಕಡತಕೋಶದ ಮೇಲೆ ತನಗೆ ಅಧಿಕಾರವಿಲ್ಲವೆಂದೋ, ತನ್ನ ಬಾಗಿಲಿನಲ್ಲಿ ಆಗಲೇ ಬೇರೊಬ್ಬ ಕುಳಿತಿದ್ದಾನೆಂದೋ, ಹಿಂದಿನ ಸಲದ ಬೀಗದ ಕಡತ ಉಳಿದುಬಿಟ್ಟಿದೆಯೆಂದೋ ಅದು ಹೇಳಬಹುದು. ಆ ದಿನ ಅದು ಹೇಳಿದ್ದು ಇಷ್ಟು: ಡಿಸ್ಕಿನಲ್ಲಿ ಸ್ಥಳವಿಲ್ಲ.

ಸ್ಥಳವೆಲ್ಲ ಎಲ್ಲಿ ಹೋಯಿತು? ಯಲಹಂಕದ ಗುಮಾಸ್ತೆಗೆ ಕಳುಹಿಸಬೇಕಾಗಿದ್ದ ಕಿರ್ದಿಯ ಹಾಳೆಗಳಿಗೆ. ಪೋಸ್ಟ್‌ಗ್ರೆಸ್‌ನಲ್ಲಿ ‘ಸ್ಲಾಟ್’ ಎಂಬ ಒಂದು ಏರ್ಪಾಡುಂಟು, ೨೦೧೪ರಲ್ಲಿ ಬಂದದ್ದು. ಅದನ್ನು ಒಂದು ವಾಗ್ದಾನವೆನ್ನಬಹುದು: ‘ನೀನು ತಲಪಿತೆಂದು ಹೇಳುವವರೆಗೆ ನಿನ್ನ ಪಾಲಿನ ಒಂದು ಹಾಳೆಯನ್ನೂ ನಾನು ಹರಿಯುವುದಿಲ್ಲ.’ ತಂತಿ ತುಂಡಾದ ಮೇಲೂ ಮೂಲಯಂತ್ರ ಹರಿಶ್ಚಂದ್ರನಂತೆ ಈ ಮಾತಿಗೆ ಕಟ್ಟುಬಿದ್ದು ಹಾಳೆಗಳನ್ನು ಕೂಡಿಡುತ್ತ ಹೋಯಿತು. ಕಿರ್ದಿಯ ಒಂದೊಂದು ತುಂಡೂ ಸಾಮಾನ್ಯವಾಗಿ ೧೬ ಮೆಗಾಬೈಟ್. ಗಂಟೆಗೆ ೨೦ ತುಂಡಿನಂತೆ ಹಿಡಿದರೂ ೧೧ ದಿನಕ್ಕೆ ೫,೨೮೦ ತುಂಡು. ೮೦ ಗಿಗಾಬೈಟಿಗೂ ಮಿಕ್ಕಿತು. ಡಿಸ್ಕು ತುಂಬಿತು, ಹೊಸ ವ್ಯವಹಾರವನ್ನು ಬರೆದುಕೊಳ್ಳಲು ಹಾಳೆಯಿಲ್ಲದ ಭಂಡಾರ ಬಾಗಿಲು ಹಾಕಿತು, ಬಾಗಿಲು ತೆರೆಯಲೂ ಕೊಂಚ ಸ್ಥಳ ಬೇಕಾದ್ದರಿಂದ ತೆರೆಯಲೂ ಆರದೆ ಹೋಯಿತು. ಪ್ರತಿಯ ರಕ್ಷಣೆಗೆಂದು ಮಾಡಿದ ಏರ್ಪಾಡೇ ಮೂಲವನ್ನು ಮುಳುಗಿಸಿತು.

ಇಂಥ ಸಮಯದಲ್ಲಿ ಮನುಷ್ಯನಿಗೆ ಒಂದು ದುರ್ಬುದ್ಧಿ ಹುಟ್ಟುತ್ತದೆ. ಇಷ್ಟೊಂದು ಸ್ಥಳ ತಿನ್ನುತ್ತಿರುವ ಈ ಕಡತಗಳನ್ನು ಅಳಿಸಿಬಿಟ್ಟರೇನು? ಬಹಳ ಕಾಲ ಈ ಕಿರ್ದಿ ಇರುತ್ತಿದ್ದ ಕೋಶಕ್ಕೆ ‘ಪಿಜಿ ಎಕ್ಸ್‌ಲಾಗ್’ ಎಂದು ಹೆಸರಿತ್ತು. ‘ಲಾಗ್’ ಎಂದರೆ ದಿನದಿನದ ಗೊಣಗಾಟವನ್ನು ಬರೆದಿಡುವ ಹಾಳೆ, ಕಳೆದರೂ ನಷ್ಟವಿಲ್ಲವೆಂದು ಭಾವಿಸಿ ಎಷ್ಟೋ ಮಂದಿ ಅದನ್ನು ಅಳಿಸಿ ತಮ್ಮ ಭಂಡಾರವನ್ನೇ ಹಾಳುಮಾಡಿಕೊಂಡರು. ಕೊನೆಗೆ ೨೦೧೭ರಲ್ಲಿ ಹೊರಬಂದ ಹತ್ತನೆಯ ಆವೃತ್ತಿಯಲ್ಲಿ ಅದರ ಕರ್ತರು ಆ ಹೆಸರನ್ನೇ ತೆಗೆದು ‘ಪಿಜಿ ವಾಲ್’ ಎಂದು ಬದಲಾಯಿಸಿದರು. ಒಂದು ಪದದ ಅರ್ಥಭ್ರಾಂತಿಯಿಂದ ಇಷ್ಟು ನಷ್ಟವಾದುದನ್ನೂ, ಅದಕ್ಕೆ ವಿದ್ವಾಂಸರು ಕಂಡುಕೊಂಡ ಚಿಕಿತ್ಸೆ ಇನ್ನೊಂದು ಪದವಾದುದನ್ನೂ ನೋಡಿದರೆ ನಮ್ಮ ನಿಘಂಟುಕಾರರು ಹಿಗ್ಗಬೇಕು.

ನಾವು ಮಾಡಿದ್ದು ಸರಳ. ಅದೇ ಡಿಸ್ಕಿನಲ್ಲಿ ಭಂಡಾರಕ್ಕೆ ಸಂಬಂಧಪಡದ ಹಳೆಯ ಚಿತ್ರಗಳೂ ತಂತ್ರಾಂಶದ ಪೊಟ್ಟಣಗಳೂ ಬಿದ್ದಿದ್ದುವು. ಅವನ್ನು ಬೇರೆಡೆಗೆ ಸಾಗಿಸಿದೆವು. ಒಂದೆರಡು ಗಿಗಾಬೈಟ್ ತೆರವಾಯಿತು, ಭಂಡಾರ ಎದ್ದಿತು, ತನ್ನ ಕಿರ್ದಿಯನ್ನು ಓದಿ ಖಾತೆಗಳನ್ನು ಸರಿಪಡಿಸಿಕೊಂಡಿತು. ಆಮೇಲೆ ಸ್ಲಾಟುಗಳ ಪಟ್ಟಿಯನ್ನು ನೋಡಿ, ಯಲಹಂಕದ ಹೆಸರಿನ ವಾಗ್ದಾನವನ್ನು ರದ್ದುಮಾಡಿದೆವು. ಮುಂದಿನ ತಪಾಸಣೆಯ ಹೊತ್ತಿಗೆ ಭಂಡಾರ ತಾನೇ ಹಳೆಯ ಹಾಳೆಗಳನ್ನು ವಿಲೇವಾರಿ ಮಾಡಿಕೊಂಡಿತು. ಒಂದು ಅಕ್ಷರವೂ ಕಳೆಯಲಿಲ್ಲ. ಕಡತಗಳನ್ನು ಕೈಯಿಂದ ಅಳಿಸಿದ್ದರೆ ಈ ಮಾತನ್ನು ಬರೆಯುವಂತಿರಲಿಲ್ಲ.

ಹಾಗಾದರೆ ಇಂಥ ವಾಗ್ದಾನವೇ ಬೇಡವೆನ್ನೋಣವೆ? ಅದರ ವಿಪರೀತಕ್ಕೂ ನಿದರ್ಶನವುಂಟು. ತಂತ್ರಾಂಶ ಬರೆಯುವವರು ತಮ್ಮ ಬರೆಹಗಳನ್ನು ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ೨೦೧೭ರ ಜನವರಿ ೩೧ರಂದು ನಡೆದದ್ದು ಅದು. ಅಲ್ಲಿ ಮೂಲಯಂತ್ರದ ಮೇಲೆ ಹೊರೆ ಹೆಚ್ಚಿ ಪ್ರತಿಯಂತ್ರ ಹಿಂದೆ ಬಿತ್ತು. ಅದು ಕೈಚಾಚುವಷ್ಟರಲ್ಲಿ ಮೂಲಯಂತ್ರ ಬೇಕಾದ ಹಾಳೆಗಳನ್ನು ಹರಿದುಹಾಕಿತ್ತು. ಇನ್ನು ಪ್ರತಿಯನ್ನು ಮೊದಲಿನಿಂದ ಮಾಡಬೇಕು. ಅದಕ್ಕಾಗಿ ಒಂದು ಮಿತಿಯನ್ನು ಏರಿಸಿದರೆ ಮೂಲಯಂತ್ರವೇ ಏಳಲೊಲ್ಲದು. ೮,೦೦೦ವಿದ್ದ ಸಂಪರ್ಕಗಳ ಮಿತಿಯನ್ನು ೨,೦೦೦ಕ್ಕೆ ಇಳಿಸಿದ ಮೇಲೆ ಎದ್ದಿತು. ಪ್ರತಿಮಾಡುವ ಆಜ್ಞೆ ಕೊಟ್ಟರೆ ಅದು ತುಟಿಪಿಟಿಕ್ಕೆನ್ನದೆ ಸುಮ್ಮನೆ ಕುಳಿತಿತು. ವಾಸ್ತವವಾಗಿ ಅದು ಕಾಯುತ್ತಿತ್ತು. ರಾತ್ರಿಯ ಹೊತ್ತು, ದಣಿದ ಒಬ್ಬ ಇಂಜಿನಿಯರು ಪ್ರತಿಯಂತ್ರದ ಕೋಶವನ್ನು ಬರಿದುಮಾಡಿ ಮತ್ತೆ ಯತ್ನಿಸೋಣವೆಂದು ಅಳಿಸುವ ಆಜ್ಞೆ ಕೊಟ್ಟರು. ಕೊಟ್ಟದ್ದು ಮೂಲಯಂತ್ರದಲ್ಲಿ. ಒಂದೆರಡು ಕ್ಷಣಗಳಲ್ಲಿ ಅರಿವಾಗಿ ನಿಲ್ಲಿಸುವ ವೇಳೆಗೆ ಸುಮಾರು ೩೦೦ ಗಿಗಾಬೈಟಿನ ಭಂಡಾರದಲ್ಲಿ ಉಳಿದದ್ದು ನಾಲ್ಕೂವರೆ ಮಾತ್ರ.

ಮುಂದಿನದು ಇನ್ನೂ ಶೋಚನೀಯ. ದಿನಂಪ್ರತಿ ತೆಗೆದಿಡುತ್ತಿದ್ದೇವೆಂದುಕೊಂಡಿದ್ದ ನಕಲುಗಳನ್ನು ಹುಡುಕಿದರೆ ಪೆಟ್ಟಿಗೆ ಬರಿದು! ನಕಲು ತೆಗೆಯುವ ಉಪಕರಣದ ಆವೃತ್ತಿ ಭಂಡಾರದ ಆವೃತ್ತಿಗಿಂತ ಹಳೆಯದಾದ್ದರಿಂದ ಅದು ಬಹುಕಾಲದಿಂದ ಸೋಲುತ್ತಲೇ ಇತ್ತು. ಸೋತೆನೆಂದು ಬರೆದ ಕಾಗದಗಳು ಯಾರಿಗೂ ಮುಟ್ಟಿರಲಿಲ್ಲ. ಅದೃಷ್ಟವಶಾತ್ ಸುಮಾರು ಆರು ಗಂಟೆಗಳ ಹಿಂದೆ ಬೇರೊಂದು ಕೆಲಸಕ್ಕಾಗಿ ಯಾರೋ ತೆಗೆದಿದ್ದ ಒಂದು ಪ್ರತಿ ದೊರೆಯಿತು. ಅದರಿಂದ ಎಲ್ಲವನ್ನೂ ಎಬ್ಬಿಸಿದರು. ಆ ಆರು ಗಂಟೆಗಳ ಕೆಲಸ ಹೋಯಿತು. ಆ ಸಂಸ್ಥೆಯವರು ಇದನ್ನು ಮುಚ್ಚಿಡದೆ, ನಡೆದುದನ್ನೆಲ್ಲ ಲೋಕದ ಮುಂದಿಟ್ಟರೆಂಬುದನ್ನು ಮೆಚ್ಚಿ ಹೇಳಬೇಕು. ನಮ್ಮಲ್ಲಿ ಅಂಥ ವರದಿಗಳು ಅಪೂರ್ವ.

ಪ್ರತಿ ಬೇರೆ, ಆಪತ್ತಿಗೆ ತೆಗೆದಿಡುವ ನಕಲು ಬೇರೆ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೇಳುವುದು ಸುಲಭ. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿದಳೆಂದು ಪ್ರಸಿದ್ಧಿ. ಓಲೆಗರಿಯ ಪ್ರತಿ ಒಮ್ಮೆ ಬರೆದಾದ ಮೇಲೆ ಮೂಲದಿಂದ ಬಿಡುಗಡೆ ಹೊಂದುತ್ತದೆ. ಮೂಲದಲ್ಲಿ ಯಾರೋ ನಾಳೆ ಒಂದು ಪದ್ಯವನ್ನು ಕೆರೆದುಹಾಕಿದರೂ ಪ್ರತಿಯಲ್ಲಿ ಅದು ಉಳಿದಿರುತ್ತದೆ. ಅದರಿಂದಲೇ ಸಂಪಾದಕರಿಗೆ ಪಾಠಾಂತರಗಳು ದೊರೆಯುತ್ತವೆ, ತಪ್ಪನ್ನು ತಿದ್ದುವ ದಾರಿ ದೊರೆಯುತ್ತದೆ. ರೆಪ್ಲಿಕೇಷನ್ನಿನ ಪ್ರತಿ ಹಾಗಲ್ಲ. ಮೂಲದಲ್ಲಿ ಯಾರಾದರೂ ಕೈತಪ್ಪಿ ಒಂದು ಪಟ್ಟಿಯನ್ನು ಅಳಿಸಿದರೆ ಆ ಅಳಿಸಿದ ಸಂಗತಿಯೂ ಕಿರ್ದಿಯಲ್ಲಿ ದಾಖಲಾಗಿ, ಎರಡನೆಯ ಗುಮಾಸ್ತೆ ಅತ್ಯಂತ ವಿಧೇಯತೆಯಿಂದ ಮರುಕ್ಷಣವೇ ತನ್ನಲ್ಲಿಯೂ ಅಳಿಸುತ್ತಾನೆ. ಅವನಲ್ಲಿ ಪಾಠಾಂತರವಿಲ್ಲ. ಯಂತ್ರ ಕೆಟ್ಟರೆ ಅವನು ಕಾಯುತ್ತಾನೆ. ಮನುಷ್ಯನ ಕೈ ಕೆಟ್ಟರೆ ಕಾಯುವವನು ಹಿಂದಿನ ದಿನ ಬರೆದು ಪಕ್ಕಕ್ಕಿಟ್ಟ ನಕಲು.

ಪ್ರತಿಯನ್ನು ಎಲ್ಲಿಡಬೇಕೆಂಬ ಪ್ರಶ್ನೆಗೆ ನಮ್ಮ ಕೆರೆಯ ಚರಿತ್ರೆಯೇ ಒಂದು ಪಾಠ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ೧೮೯೪ರಲ್ಲಿ, ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದ ಜಲಾಶಯವಾಯಿತು. ನೀರು ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ಹರಿದು, ಅಲ್ಲಿಂದ ಯಂತ್ರಬಲದಿಂದ ಬೆಂಗಳೂರಿಗೆ ಏರುತ್ತಿತ್ತು. ೧೯೨೦ರ ದಶಕದಲ್ಲಿ ಮಳೆ ಕೈಕೊಟ್ಟು ಕೆರೆ ಬತ್ತಿತು. ಒಂದೇ ಕೆರೆಯನ್ನು ನಂಬಿದ ಊರು ಬಾಯಾರಿತು. ಆಗ ಎರಡನೆಯ ಜಲಾಶಯದ ಆಲೋಚನೆ ಹುಟ್ಟಿ, ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಅಣೆಕಟ್ಟು ಮುಗಿಯಿತು. ಅಲ್ಲಿ ಕುಮುದ್ವತಿಯೂ ಬಂದು ಕೂಡುತ್ತಾಳೆಂಬುದು ನಿಜ. ಆದರೆ ಅದೂ ಅರ್ಕಾವತಿಯ ಮೇಲೆಯೇ, ಹೆಸರಘಟ್ಟದ ಕೆಳಗೆ. ಮೇಲಿನ ಬರ ಕೆಳಗಿನದನ್ನೂ ಮುಟ್ಟದೆ ಬಿಡದು. ಬೆಂಗಳೂರಿಗೆ ನಿಜವಾಗಿ ಬೇರೆಯದೆನ್ನಬಹುದಾದ ನದಿಯ ನೀರು ಬಂದದ್ದು ೧೯೭೪ರಲ್ಲಿ, ಕಾವೇರಿಯ ಮೊದಲ ಹಂತದಿಂದ. ಒಂದೇ ಕೊಠಡಿಯಲ್ಲಿ, ಒಂದೇ ವಿದ್ಯುತ್ತಿನ ತಂತಿಗೆ ಎರಡು ಯಂತ್ರಗಳನ್ನು ಕಟ್ಟಿ ನಿಶ್ಚಿಂತರಾಗಿರುವವರನ್ನು ಕಂಡಾಗಲೆಲ್ಲ ನನಗೆ ಈ ಎರಡು ಜಲಾಶಯಗಳ ನೆನಪಾಗುತ್ತದೆ.

ಇನ್ನು ಕೋಡಿಯ ಮಾತು. ೨೦೨೦ರಲ್ಲಿ ಬಂದ ಪೋಸ್ಟ್‌ಗ್ರೆಸ್‌ನ ಹದಿಮೂರನೆಯ ಆವೃತ್ತಿಯಲ್ಲಿ ಒಂದು ಹೊಸ ಮಿತಿಯನ್ನು ಸೇರಿಸಿದ್ದಾರೆ. ಸ್ಲಾಟಿನ ವಾಗ್ದಾನಕ್ಕಾಗಿ ಹೆಚ್ಚೆಂದರೆ ಇಷ್ಟು ಗಿಗಾಬೈಟ್ ಕಿರ್ದಿಯನ್ನು ಇಟ್ಟುಕೊಳ್ಳತಕ್ಕದ್ದು. ಅದನ್ನು ಮೀರಿದರೆ ಮಾತು ಮುರಿದು ಹಾಳೆಗಳನ್ನು ಬಿಟ್ಟುಕೊಡತಕ್ಕದ್ದು. ನಾವಾಗಿ ಹೇಳದಿದ್ದರೆ ಮಿತಿಯೇ ಇಲ್ಲವೆಂದು ಅದರ ಅರ್ಥ. ಕೋಡಿಗೆ ಜಾಗ ಬಿಟ್ಟಿದ್ದಾರೆ, ಎತ್ತರವನ್ನು ಮಾತ್ರ ಊರಿನವರು ನಿಶ್ಚಯಿಸಬೇಕು.

ಆ ಪುಟ್ಟ ಸಂಸ್ಥೆಯಲ್ಲಿ ಇದರ ಬಗ್ಗೆ ಒಂದು ಸಂಜೆಯೆಲ್ಲ ಚರ್ಚೆಯಾಯಿತು. ಪ್ರತಿಯನ್ನು ಬೇಕೆಂದೇ ಕೈಬಿಡುವುದು ಹೇಗೆ ಸಾಧ್ಯವೆಂದು ಹಿರಿಯರೊಬ್ಬರಿಗೆ ಮನಸ್ಸೇ ಒಗ್ಗಲಿಲ್ಲ. ದುಡ್ಡು ಕೊಟ್ಟು ಕೊಂಡ ಯಂತ್ರವಲ್ಲವೆ ಅದೂ ಎಂದರು. ಲೆಕ್ಕ ಹಾಕಿ ತೋರಿಸಿದೆವು: ಯಲಹಂಕದ ಪ್ರತಿ ಹೋದರೆ ಅದನ್ನು ಹೊಸದಾಗಿ ಮಾಡಲು ಒಂದು ರಾತ್ರಿ ಸಾಕು, ಮೂಲ ನಿಂತರೆ ಊರಿನ ಕೆಲಸ ನಿಲ್ಲುತ್ತದೆ. ಕಡೆಗೆ ೪೦ ಗಿಗಾಬೈಟಿಗೆ ಒಪ್ಪಿದರು. ಅದರ ಅರ್ಧ ತುಂಬಿದೊಡನೆ ಇಬ್ಬರ ಕೈಫೋನಿಗೆ ಸುದ್ದಿ ಹೋಗುವಂತೆ ಕಟ್ಟಿದ್ದಾಯಿತು. ಡಿಸ್ಕಿನ ಮೂಲೆಯಲ್ಲಿ ಐದು ಗಿಗಾಬೈಟಿನ ಒಂದು ಖಾಲಿ ಕಡತವನ್ನೂ ಇಟ್ಟೆವು. ಅದರಲ್ಲಿ ಏನೂ ಇಲ್ಲ. ಇಕ್ಕಟ್ಟಾದ ದಿನ ನಿರ್ಭಯವಾಗಿ ಅಳಿಸಬಹುದಾದ ಆಪದ್ಧನ ಅದು. ತಿಂಗಳಿಗೊಮ್ಮೆ ನಕಲಿನಿಂದ ಬೇರೊಂದು ಯಂತ್ರದಲ್ಲಿ ಭಂಡಾರವನ್ನು ಎಬ್ಬಿಸಿ, ಯಾವುದಾದರೂ ಹತ್ತು ಖಾತೆಗಳನ್ನು ಮೂಲದೊಡನೆ ಹೋಲಿಸಿ ನೋಡುವ ಕೆಲಸವನ್ನು ಆ ಹಿರಿಯರೇ ವಹಿಸಿಕೊಂಡಿದ್ದಾರೆ. ಮೊದಲ ಸಲ ಎಬ್ಬಿಸಲು ಮೂರು ಗಂಟೆ ಹಿಡಿಯಿತು. ಈಗ ಮುಕ್ಕಾಲು ಗಂಟೆ ಸಾಕಾಗುತ್ತದೆ.